ಕೂಸಿನ ನೆತ್ತಿ, ಅಳತೆಯ ಟೇಪು

ನಾನು ಎಎನ್‌ಎಂ ಆಗಿ ಕುಕನೂರಿಗೆ ಬಂದಾಗ ಈ ಊರು ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ. ಕಾಗದದ ಮೇಲೆ ಜಿಲ್ಲಾಸ್ಪತ್ರೆ ರಾಯಚೂರಿನಲ್ಲಿತ್ತು. ಜೀವಕ್ಕೆ ಬಂದರೆ ಜನ ಹಿಡಿಯುತ್ತಿದ್ದದ್ದು ಗದಗ, ಹುಬ್ಬಳ್ಳಿಯ ದಾರಿ. ಸುತ್ತಲಿನ ಇಟಗಿ, ತಳಕಲ್, ಮಂಗಳೂರು ಹಳ್ಳಿಗಳಲ್ಲೆಲ್ಲ ಹೆರಿಗೆ ಹೆಚ್ಚಾಗಿ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ.

ಕೂಸಿನ ತಲೆ ಬಾತಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ‘ಎಣ್ಣಿ ಹಚ್ಚಿ ತಿಕ್ರಿ, ಇಳೀತೈತಿ.’ ಇಳಿಯುತ್ತಲೂ ಇತ್ತು, ತೊಡಕಿದ್ದದ್ದೇ ಅಲ್ಲಿ. ಹೊರಬರುವಾಗ ಒತ್ತಿಕೊಂಡ ನೆತ್ತಿಯ ನೀರುಬಾವು ಒಂದೆರಡು ದಿನಕ್ಕೆ ಮಾಯವಾಗುತ್ತದೆ. ಎಲುಬಿನ ಪೊರೆಯ ಕೆಳಗೆ ರಕ್ತ ಕಟ್ಟಿದ ಬಾವು ಕೆಲ ತಾಸಿನ ಮೇಲೆ ಏಳುತ್ತದೆ, ಒಂದೇ ಎಲುಬಿನ ಗಡಿ ದಾಟುವುದಿಲ್ಲ, ವಾರಗಟ್ಟಲೆ ಇದ್ದು ತಾನೇ ಕರಗುತ್ತದೆ. ಸೂಜಿ ಚುಚ್ಚಿ ತೆಗೆಯಹೋದರೆ ಕೀವಾಗಬಹುದು; ಸುಮ್ಮನೆ ಬಿಟ್ಟು ಕಾಮಾಲೆಯ ಮೇಲೆ ಕಣ್ಣಿಟ್ಟರೆ ಸಾಕು. ತಿಕ್ಕಿದವರ ಲೆಕ್ಕದಲ್ಲಿ ಇವೆರಡೂ ಎಣ್ಣೆಯ ಮಹಿಮೆ.

ಮೂರನೆಯದು ಬೇರೆಯೇ ಜಾತಿ. ನೆತ್ತಿಯ ಚರ್ಮದಡಿಯ ಗಟ್ಟಿ ಪದರಕ್ಕೂ ಎಲುಬಿನ ಪೊರೆಗೂ ನಡುವೆ ಹುಬ್ಬಿನಿಂದ ಹಿಡಿದು ಕತ್ತಿನವರೆಗೆ ತಡೆಯೇ ಇಲ್ಲದ ಜಾಗವಿದೆ. ಅಲ್ಲಿನ ರಕ್ತನಾಳ ಹರಿದರೆ ರಕ್ತ ಗಡಿ ಕೇಳುವುದಿಲ್ಲ. ಬಾವು ಕಿವಿಯ ಹಿಂದಕ್ಕೆ ಇಳಿಯುತ್ತದೆ, ಬೆರಳಿಟ್ಟರೆ ನೀರು ತುಂಬಿದ ಚೀಲದಂತೆ ಜೋಲುತ್ತದೆ. ಮೂರು ಕಿಲೋ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿ. ಅದರ ಬಹುಭಾಗ ಅಲ್ಲೇ ಸೇರಬಲ್ಲದು. ಹೊರಗೆ ಒಂದು ಹನಿಯೂ ಕಾಣದೆ ಕೂಸು ಬಿಳಿಚುತ್ತದೆ, ಎದೆಬಡಿತ ಓಡುತ್ತದೆ.

ಇದು ಹಳೆಯ ಕಾಲದ ಕಾಯಿಲೆ ಎಂದುಕೊಳ್ಳಬೇಡಿ. 1997ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯಾಯಿತು, 2005ರ ಮೇಲೆ ಜನನಿ ಸುರಕ್ಷಾ, ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಬಂತು. ಹೆರಿಗೆಗಳು ಆಸ್ಪತ್ರೆಗೆ ನಡೆದವು. ನಾವು ಹಿಗ್ಗಿದೆವು, ಹಿಗ್ಗಬೇಕಾದದ್ದೇ. ಆದರೆ ಮೂರನೆಯ ಬಾವು ಹೆಚ್ಚಾಗಿ ಬರುವುದು ತಲೆಗೆ ವ್ಯಾಕ್ಯೂಮ್ ಕಪ್ ಹಚ್ಚಿ ಎಳೆದ ಕೂಸುಗಳಿಗೆ. ಆ ಕಪ್ ಜಾಗ ತಪ್ಪಿ ಕೂತರೆ, ಮೇಲಿಂದ ಮೇಲೆ ಕಳಚಿದರೆ, ನೆತ್ತಿಯೇ ಎಲುಬಿನಿಂದ ಕಿತ್ತಂತಾಗುತ್ತದೆ. ಎರಡು ಮೂರು ಎಳೆತಕ್ಕೆ ತಲೆ ಜರುಗದಿದ್ದರೆ ಕೈಬಿಟ್ಟು ಸಿಸೇರಿಯನ್ ಯೋಚಿಸಬೇಕು. ತಾಯಿಯನ್ನೂ ಕೂಸನ್ನೂ ಉಳಿಸಿದ ಸಾಧನವೇ ಇದು, ನಾನದನ್ನು ಬೈಯುವುದಿಲ್ಲ; ಅದನ್ನು ಹಚ್ಚಿದ ಮೇಲೆ ಕೂಸನ್ನು ಕಾಯುವ ರೂಢಿ ಮಾತ್ರ ನಿಧಾನವಾಗಿ ಬಂತು.

ಆ ನಡುವಿನ ವರ್ಷಗಳಲ್ಲೊಮ್ಮೆ ದೂರದೂರಲ್ಲಿ ಹೆತ್ತು ಬಂದ ಬಾಣಂತಿಯ ಅತ್ತೆ ನನ್ನನ್ನು ಕರೆಸಿದಳು. ‘ಮುಂಜಾನಿ ಕಟ್ಟಿದ ಕುಲಾಯಿ ಲಾಡಿ ಈಗ ಕೂಡವಲ್ದು ನೋಡವ್ವಾ.’ ಮಾತು ಮುಗಿಯುವುದರೊಳಗೆ ನಾನು ಕೂಸಿನ ಕಿವಿಯ ಹಿಂದೆ ಬೆರಳಿಟ್ಟಿದ್ದೆ. ಗಾಡಿ ಮಾಡಿಸಿ ಕಳಿಸಿದೆವು, ರಕ್ತ ಏರಿಸಿದರು, ಕೂಸು ಬದುಕಿತು. ತರಬೇತಿಯ ಪುಸ್ತಕಗಳಿಗಿಂತ ಆ ಲಾಡಿಯನ್ನೇ ನಾನು ಹೆಚ್ಚು ಸಲ ಉದಾಹರಣೆ ಕೊಟ್ಟಿದ್ದೇನೆ.

ಈಗ ಹುಟ್ಟಿದ ಕೂಡಲೇ ತೊಡೆಗೆ ವಿಟಮಿನ್ ಕೆ ಒಂದು ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟಲು ಅದು ಬೇಕು; ಹಸುಗೂಸಿನ ಮೈಯಲ್ಲೂ ತಾಯಿಯ ಹಾಲಿನಲ್ಲೂ ಅದು ಕಡಿಮೆ. ಮನೆ ಹೆರಿಗೆಯ ಕೂಸುಗಳಿಗೆ ಈ ಸೂಜಿ ಎಲ್ಲಿತ್ತು? ವ್ಯಾಕ್ಯೂಮ್ ಕೂಸಿನ ತಲೆಯ ಸುತ್ತಳತೆಯನ್ನು ಟೇಪು ಹಿಡಿದು ತಾಸುತಾಸಿಗೆ ಅಳೆಯಬೇಕು. ಒಂದು ಸೆಂಟಿಮೀಟರ್ ಏರಿತೆಂದರೆ ಸುಮಾರು 40 ಮಿಲಿ ರಕ್ತ ಒಳಗೆ ಹೋಗಿದೆ ಎಂದು ಲೆಕ್ಕ. ಆದರೂ ಟೇಪನ್ನೇ ನಂಬಿ ಕೂರುವಂತಿಲ್ಲ. ಅಳತೆ ಏರುವ ಮೊದಲೇ ಕೂಸು ಬಿಳಿಚಬಹುದು. ಹಾಗಾಗಿ ಬಣ್ಣ, ಉಸಿರು, ಎದೆಬಡಿತವನ್ನೂ ನೋಡಬೇಕು, ನೆತ್ತಿಯನ್ನು ಬೆರಳಿಂದಲೂ ಮುಟ್ಟಬೇಕು. ಅನುಮಾನ ಬಂದರೆ ಸಲೈನ್ ಹಚ್ಚಿ, ಬೆಚ್ಚಗಿಟ್ಟು, ರಕ್ತವೂ ಪ್ಲಾಸ್ಮಾವೂ ಸಿಗುವ ದೊಡ್ಡ ಆಸ್ಪತ್ರೆಗೆ ಕಳಿಸುವುದು. ತಿಕ್ಕುವುದು, ನೆತ್ತಿಗೆ ಶಾಖ ಕೊಡುವುದು, ಬಿಗಿದು ಕಟ್ಟುವುದು ಯಾವುದೂ ಬೇಡ.

ಅಜ್ಜಿಯರು ಎಣ್ಣೆಯ ಬಟ್ಟಲು ಹಿಡಿದು ವಾರ್ಡಿಗೆ ಈಗಲೂ ಬರುತ್ತಾರೆ. ಈಗಿನ ಸಿಸ್ಟರ್‌ಗಳು ಜಗಳವಾಡುವುದಿಲ್ಲ, ಬಟ್ಟಲು ಇಸಿದುಕೊಂಡು ಕೈಗೆ ಟೇಪು ಕೊಡುತ್ತಾರೆ.