ಚಕ್ರಕ್ಕೆ ತಕ್ಕ ಟಯರು

ನಮ್ಮ ಡೊಂಬಿವಲಿ, ಠಾಣೆಯ ಹುಡುಗರಿಗೆ ಅಗಲ ಟಯರಿನ ಹುಚ್ಚು. ನಮ್ಮ ಮಗನೂ ಹೊರತಲ್ಲ. ಬಿ.ಎಸ್ಸಿ. ಓದಿದ್ದಕ್ಕೆ ನಾವೂ ಲೆಕ್ಕ ಹಾಕಿ ತೋರಿಸಿದೆವು. 185/65 ಆರ್ 15 ಎಂದರೆ ಟಯರಿನ ಅಗಲ 185 ಮಿಲಿಮೀಟರು, ಪಕ್ಕದ ಎತ್ತರ ಅದರ ಶೇ. 65, ರಿಮ್ಮಿನ ವ್ಯಾಸ 15 ಅಂಗುಲ. ರಿಮ್ಮಿನ ಅಗಲ ಇದರಲ್ಲಿಲ್ಲ! ಈ ಟಯರಿಗೆ ಒಗ್ಗುವುದು 5ರಿಂದ 6.5 ಅಂಗುಲದ ರಿಮ್ಮು. ಅದಕ್ಕಿಂತ ಕಿರಿದಾದರೆ ಟಯರಿನ ನಡು ಉಬ್ಬಿ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೊನೆಯುತ್ತದೆ. ಅಗಲವಾದರೆ ಪಕ್ಕಗಳು ಬಿಗಿದು, ಕಲ್ಯಾಣ–ಶೀಳ್ ರಸ್ತೆಯ ಮಳೆಗಾಲದ ಗುಂಡಿಯಲ್ಲಿ ಪೆಟ್ಟು ರಿಮ್ಮಿಗೇ. ಟಯರು ಅಂಚು ಬಿಟ್ಟರೂ ಬಿಟ್ಟೀತು. ಮಗ ಸುಮ್ಮನಾದ. ರಜೆಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೊಲ್ಹಾಪುರ ದಾಟಿ ಊರಿಗೆ ಹೋಗುವ ಬಂಧುಗಳೇ, ಅಂಗಡಿಯವನ ಮಾತಿಗೆ ಮೊದಲು ಗಾಡಿಯ ಪುಸ್ತಕ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಚಕ್ರಕ್ಕೂ ಸಲ್ಲುವ ಮಾತು.