ಹೊಸ್ತಿಲವರೆಗೆ ಬಂದ ಕಾನೂನು

1957ರ ಜುಲೈ 20ರ ಸಂಜೆ ಬೆಸ್ಟ್ ಚಾಲಕರೊಬ್ಬರು ಜೋಗೇಶ್ವರಿ ಡಿಪೋದಲ್ಲಿ ತಮ್ಮ ಬಸ್ಸನ್ನು ಒಪ್ಪಿಸಿ, ಸಾಂತಾಕ್ರೂಜಿನ ಮನೆಗೆ ಹೋಗಲು ಇನ್ನೊಂದು ಬಸ್ಸು ಹತ್ತಿದರು. ಘೋಡಬಂದರ್ ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಂತಿದ್ದ ಲಾರಿಗೆ ಆ ಬಸ್ಸು ಬಡಿಯಿತು. ರಸ್ತೆಗೆ ಎಸೆಯಲ್ಪಟ್ಟ ಅವರು ಆರು ದಿನಗಳ ಬಳಿಕ ತೀರಿಕೊಂಡರು. ಪತ್ನಿ ಆ್ಯಗ್ನೆಸ್ 1923ರ ಕಾಯ್ದೆಯಡಿ ಪರಿಹಾರ ಕೇಳಿದರು. ಪಾಳಿ ಮುಗಿದ ಮೇಲೆ ಆದ ಅಪಘಾತ ಉದ್ಯೋಗದ ಅವಧಿಯದೇ ಎಂಬುದು ಪ್ರಶ್ನೆ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚಾಲಕರಿಗೆ ಉಚಿತ ಪ್ರಯಾಣದ ಸವಲತ್ತು ಇರುವುದೇ ಸೇವೆಯ ಹಿತಕ್ಕಾಗಿ, ಆದ್ದರಿಂದ ಮನೆಗೆ ಮರಳುವ ಆ ದಾರಿಯೂ ಉದ್ಯೋಗದ ಭಾಗವೇ ಎಂದು 1963ರಲ್ಲಿ ಬಹುಮತದ ತೀರ್ಪು ಬಂತು.

ಕಾನೂನು ಆಮೇಲೆ ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತ, ಇನ್ನೊಂದು ಕಿಲೋಮೀಟರ್ ಇರುವಾಗ ಗಾಯಗೊಂಡ ನೌಕರನಿಗೆ ಅದೇ ಕೋರ್ಟು 1996ರಲ್ಲಿ ಇಲ್ಲವೆಂದಿತು. 2010ರಲ್ಲಿ ಇ.ಎಸ್.ಐ. ಕಾಯ್ದೆಗೆ ತಿದ್ದುಪಡಿಯಾಗಿ, ಮನೆಗೂ ಕೆಲಸದ ಜಾಗಕ್ಕೂ ನಡುವಿನ ಪ್ರಯಾಣದ ಅಪಘಾತವನ್ನು ಷರತ್ತಿಗೊಳಪಟ್ಟು ಉದ್ಯೋಗದ ಗಾಯವೆಂದೇ ಪರಿಗಣಿಸಲಾಯಿತು. ಹೀಗೆ ಡಿಪೋದಿಂದ ನಮ್ಮ ಹೊಸ್ತಿಲವರೆಗೆ ಬರಲು ಕಾನೂನಿಗೆ ಅರ್ಧ ಶತಮಾನ ಹಿಡಿಯಿತು. ಅದು ಬಂದು ಹತ್ತು ವರ್ಷವಾಗುವಷ್ಟರಲ್ಲಿ ಕೆಲಸವೇ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತಿತ್ತು.

ನನ್ನ ಹೆಂಡತಿ ವಾರದಲ್ಲಿ ಎರಡು ದಿನ ಐರೋಲಿಯ ಕಚೇರಿಗೆ ಹೋಗುತ್ತಾಳೆ. ಉಳಿದ ಮೂರು ದಿನ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜೇ ಕಚೇರಿ. ಕಳೆದ ವರ್ಷ ಮೇಲಿನ ಮನೆಯ ನೀರಿನ ಪೈಪು ಒಡೆದು, ಆ ಮೇಜಿನ ಮೇಲಿದ್ದ ಕಂಪನಿಯ ಲ್ಯಾಪ್‌ಟಾಪ್ ತೊಯ್ದುಹೋಯಿತು. ಕಂಪನಿಯ ಉಪಕರಣ ವಿಮೆಯಲ್ಲಿ ನಮೂದಾಗಿದ್ದದ್ದು ಕಚೇರಿಯ ವಿಳಾಸ ಮಾತ್ರ. ನಮ್ಮದು ‘ಭಾರತ್ ಗೃಹ ರಕ್ಷಾ’ ಪಾಲಿಸಿ. ಅದರಲ್ಲಿ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಮನೆಯ ಸಾಮಾನಿಗೂ ರಕ್ಷಣೆ ತಾನಾಗಿ ಸಿಗುತ್ತದೆ. ಆದರೆ ಲ್ಯಾಪ್‌ಟಾಪ್ ನಮ್ಮ ಸಾಮಾನಲ್ಲವಲ್ಲ! ಎರಡು ವಿಮೆಗಳ ನಡುವಿನ ಬಿರುಕಿಗೆ ಬಿದ್ದ ಆ ಯಂತ್ರದ ಅರ್ಧ ಬೆಲೆ ಅವಳ ಸಂಬಳದಿಂದ ಹೋಯಿತು.

ದುಡ್ಡು ಹೋದದ್ದು ಹೋಯಿತು. ಅಂದು ನೆಲವೆಲ್ಲ ನೀರಾಗಿತ್ತು, ಅವಳು ಕಾಲ್ ನಡುವೆಯೇ ಓಡಿಬಂದು ತಂತಿ ಕಿತ್ತಿದ್ದಳು. ಜಾರಿ ಬಿದ್ದಿದ್ದರೆ? ಇ.ಎಸ್.ಐ. ಅವಳಿಗಿಲ್ಲ, ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚಿನ ಸಂಬಳದವರು ಅದರ ಹೊರಗೆ. ಉಳಿಯುವುದು ಕಂಪನಿ ಕೊಂಡಿರುವ ಸಾಮೂಹಿಕ ಅಪಘಾತ ವಿಮೆ. ಇಂಥ ಪಾಲಿಸಿಗಳಲ್ಲಿ ಕೆಲವು ಇಪ್ಪತ್ನಾಲ್ಕು ಗಂಟೆಯೂ ಅನ್ವಯಿಸುತ್ತವೆ, ಕೆಲವು ಕರ್ತವ್ಯದ ಅವಧಿಗೆ ಮಾತ್ರ. ರಾತ್ರಿ ಒಂಬತ್ತಕ್ಕೆ ಅಮೆರಿಕದವರೊಡನೆ ಮಾತಾಡುತ್ತಲೇ ಒಗ್ಗರಣೆ ಹಾಕುವವಳ ಕರ್ತವ್ಯದ ಅವಧಿ ಯಾವುದೆಂದು ಯಾರು ಬರೆದಿಟ್ಟಿದ್ದಾರೆ? ಹಾಜರಿ ಪುಸ್ತಕವಿರುವ ನನ್ನಂಥ ಸರ್ಕಾರಿ ನೌಕರನಿಗೆ ಈ ಗೊಂದಲವಿಲ್ಲ.

ಜರ್ಮನಿಯಲ್ಲಿ ಒಬ್ಬಾತ ಬೆಳಿಗ್ಗೆ ಹಾಸಿಗೆಯಿಂದೆದ್ದು ಮನೆಯೊಳಗಿನ ಸುರುಳಿ ಮೆಟ್ಟಿಲಿನಿಂದ ಕೆಳಗಿನ ಕೆಲಸದ ಕೋಣೆಗೆ ಇಳಿಯುವಾಗ ಜಾರಿ ಬೆನ್ನು ಮುರಿದುಕೊಂಡ. ಅದು ಕೆಲಸಕ್ಕೆ ಹೋಗುವ ದಾರಿಯ ಅಪಘಾತವೇ ಎಂದು 2021ರ ಡಿಸೆಂಬರಿನಲ್ಲಿ ಅಲ್ಲಿಯ ಫೆಡರಲ್ ಸಾಮಾಜಿಕ ನ್ಯಾಯಾಲಯ ಹೇಳಿತು. ತಿಂಡಿ ತಿನ್ನದೆ ನೇರವಾಗಿ ಕೆಲಸಕ್ಕೆ ಕೂರುವ ಅವನ ರೂಢಿಯೂ ಲೆಕ್ಕಕ್ಕೆ ಬಂತು. ಮಲಗುವ, ಉಣ್ಣುವ, ದುಡಿಯುವ ಜಾಗ ಒಂದೇ ಆಗಿರುವ ಮುಂಬಯಿಯ ಒಂಟಿ ಕೋಣೆಯಲ್ಲಿ ಅಂಥ ದಾರಿಯನ್ನು ಎಲ್ಲಿ ತೋರಿಸುವುದು?

ಈ ಪ್ರಶ್ನೆಗಳನ್ನು ಅಪಘಾತಕ್ಕೆ ಮೊದಲೇ, ಬರಹದಲ್ಲೇ ಕೇಳಬೇಕೆಂದು ನಾನು ಹಟ ಹಿಡಿದೆ. ಮನೆಯ ವಿಳಾಸ ಪಾಲಿಸಿಯಲ್ಲಿದೆಯೇ, ಉಪಕರಣ ಹಾಳಾದರೆ ಹೊಣೆ ಯಾರದು, ಅಪಘಾತ ವಿಮೆ ಎಷ್ಟು ಗಂಟೆಯದು ಎಂದು ಅವಳು ಕಂಪನಿಗೆ ಮೇಲ್ ಬರೆದಳು. ಮೂರು ವಾರಗಳ ನಂತರ ಉತ್ತರ ಬಂತು. ಉಪಕರಣ ವಿಮೆಗೆ ನೌಕರರ ಮನೆಗಳನ್ನೂ ಸೇರಿಸಲಾಗಿದೆ; ಅಪಘಾತದ ವಿಷಯ ಪರಿಶೀಲನೆಯಲ್ಲಿದೆ. ಆ ಕೊನೆಯ ಪದವನ್ನು ಇಪ್ಪತ್ತು ವರ್ಷ ಕಡತಗಳಲ್ಲಿ ನಾನೇ ಬರೆದಿದ್ದೇನೆ. ಮರುದಿನವೇ ಅವಳ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿದೆ.