ನಾನು ಮಾತು ಕೊಟ್ಟಿದ್ದ ಕರಡಿ

ಬೆಂಗಳೂರಿನ ನಮ್ಮ ಪಿಜಿಯ ತಾರಸಿ ಮೇಲೆ ಕೂತು, ಇಬ್ಬರು ಗೆಳೆಯರಿಗೆ ಒಂದು ಕರಡಿ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಕರಡಿಯನ್ನು ಕೇಳಿರಲಿಲ್ಲ, ಅಷ್ಟೇ.

ಆಫೀಸಿನಲ್ಲಿ ನಮ್ಮನ್ನು ಹೆಸರಿಗಿಂತ ಹೆಚ್ಚಾಗಿ ಕರೆಯೋದು ಊರಿನಿಂದ. ಒಬ್ಬ ಮೈಸೂರು, ಇನ್ನೊಬ್ಬ ಪುತ್ತೂರು, ನಾನು ಕೊಟ್ಟೂರು. ವೀಕೆಂಡ್ ಪ್ಲ್ಯಾನ್ ಶುರುವಾದರೆ ಮೈಸೂರಿನವನು ಬಂಡೀಪುರ, ನಾಗರಹೊಳೆ ಅಂತಾನೆ. ಪುತ್ತೂರಿನವನು ಘಟ್ಟ, ಜಲಪಾತ, ಸಮುದ್ರ ಅಂತಾನೆ. ಆಮೇಲೆ ಇಬ್ಬರೂ ಸೇರಿ ನನ್ನ ಕಡೆ ತಿರುಗಿ, "ನಿಮ್ಮ ಕಡೆ ಬಿಸಿಲು ಬಿಟ್ಟರೆ ಏನುಂಟು ಮಾರಾಯ?" ಅಂತಾರೆ. ಒಂದು ರಾತ್ರಿ ನನಗೂ ರೋಷ ಬಂತು. "ಕರಡಿ ಇದೆ ಕಣ್ರೋ. ಕರಡಿಗೆ ಅಂತಲೇ ಕಾಡಿದೆ. ಬನ್ನಿ, ತೋರಿಸ್ತೀನಿ" ಅಂದುಬಿಟ್ಟೆ.

ನಿಜ ಹೇಳಬೇಕೆಂದರೆ ಕೊಟ್ಟೂರಲ್ಲೇ ಹುಟ್ಟಿ ಬೆಳೆದ ನಾನು ಗುಡೇಕೋಟೆಗೆ ಹೋಗಿದ್ದು ಹೈಸ್ಕೂಲಿನಲ್ಲಿ ಒಂದೇ ಒಂದು ಸಲ. ಆಗ ಕೋಟೆ ನೋಡಿ, ಬುತ್ತಿ ಉಂಡು ವಾಪಸ್ ಬಂದಿದ್ದೆವು. ಕರಡಿಯ ಬಾಲವನ್ನೂ ಕಂಡಿರಲಿಲ್ಲ.

ಹೋದ ಸೆಪ್ಟೆಂಬರಿನ ಒಂದು ಶನಿವಾರ ನಸುಕಿನ ನಾಲ್ಕಕ್ಕೆ ಮೂರು ಬೈಕು ಹೊರಟವು. ನನ್ನ ಬುಲೆಟ್ಟಿಗೆ ಎರಡು ತಿಂಗಳ ಹಿಂದಷ್ಟೇ ಬೇರೆ ಸೈಲೆನ್ಸರ್ ಹಾಕಿಸಿದ್ದೆ. ಹೆಸರಿಗೆ ಸೈಲೆನ್ಸರ್, ಸೈಲೆನ್ಸ್ ಮಾತ್ರ ಇಲ್ಲ. ಸಿಗ್ನಲ್‌ನಲ್ಲಿ ಜನ ತಿರುಗಿ ನೋಡಿದರೆ ಒಳಗೊಳಗೇ ಖುಷಿ. ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದಲ್ಲಿ ತಿಂಡಿ ಮಾಡಿದೆವು. ಅಲ್ಲಿಂದ ಹೊಸಪೇಟೆ ಕಡೆಯ ಹೆದ್ದಾರಿ ಹಿಡಿದು, ಕೂಡ್ಲಿಗಿಯಲ್ಲಿ ತಿರುಗಿ, ಹನ್ನೊಂದೂವರೆಗೆಲ್ಲ ಕೊಟ್ಟೂರಿನ ನಮ್ಮ ಮನೆ ಮುಂದೆ ನಿಂತಿದ್ದೆವು.

ಅವ್ವ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿಟ್ಟಿದ್ದಳು. ಪುತ್ತೂರಿನವನು ಮೊದಲ ಬಜ್ಜಿಗೇ ಕಣ್ಣಲ್ಲಿ ನೀರು ತಂದುಕೊಂಡ. ಬಂದ ಕಾರಣ ಕೇಳಿ ಅವ್ವ ನಕ್ಕಳು. "ಕರಡಿ ನೋಡಾಕ ಬೆಂಗಳೂರಿಂದ ಬಂದ್ರಾ? ಆ ಕಡೆ ಮಂದಿ ಅದರ ಮುಖ ಕಾಣಬಾರದಪ್ಪಾ ಅಂತ ದೇವರಿಗೆ ಕೈ ಮುಗಿದು ಹೊಲಕ್ಕೆ ಹೋಗ್ತಾರೆ."

ನಾವೂ ನಕ್ಕೆವು. ಆ ಮಾತು ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ಗುಡೇಕೋಟೆ ತಲುಪಿದಾಗ ಮೊದಲು ಬೆಪ್ಪಾಗಿದ್ದು ಮೈಸೂರಿನವನೇ. ಯಾರೋ ದೈತ್ಯನ ಮಗು ಆಟ ಆಡಿ ಎತ್ತಿಡದೆ ಹೋದ ಹಾಗೆ ಬಂಡೆ ಮೇಲೆ ಬಂಡೆ, ಗುಂಡಿನ ಮೇಲೆ ಗುಂಡು. ಆ ಗುಂಡುಗಳನ್ನೇ ಗೋಡೆ ಮಾಡಿಕೊಂಡು ಪಾಳೆಯಗಾರರು ಕಟ್ಟಿದ ಕೋಟೆ. ಚಿತ್ರದುರ್ಗದಲ್ಲಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಎದುರಿಸಿದ ಓಬವ್ವನ ತವರು ಇದೇ ಊರು ಅಂತ ಇಲ್ಲಿಯ ಜನ ಅಭಿಮಾನದಿಂದ ಹೇಳ್ತಾರೆ. ಕೋಟೆ ಹತ್ತಿ, ಬೆವರು ಒರೆಸಿಕೊಂಡು, ಸುತ್ತ ಕಣ್ಣು ಹಾಯಿಸಿದರೆ ಕಾಣೋದು ಕುರುಚಲು ಕಾಡು, ಕಲ್ಲುಗುಡ್ಡ, ಅದರ ಕಾಲಡಿಗೇ ಶೇಂಗಾ ಮತ್ತು ಮೆಕ್ಕೆಜೋಳದ ಹೊಲ.

ಈ ಕಾಡನ್ನು ಸರ್ಕಾರ 2013ರಲ್ಲಿ ಕರಡಿಧಾಮ ಅಂತ ಘೋಷಿಸಿತು. ಶುರುವಿನಲ್ಲಿ 38.48 ಚದರ ಕಿಲೋಮೀಟರ್ ಇತ್ತು, ಆಮೇಲೆ ಸುತ್ತಲಿನ ಇನ್ನಷ್ಟು ಕಾಡನ್ನು ಸೇರಿಸಿದರು. ಕರಡಿಗೆ ಬೇಕಾಗಿದ್ದೆಲ್ಲ ಇಲ್ಲಿದೆ. ಹಗಲು ಮಲಗಲು ಬಂಡೆಗಳ ನಡುವಿನ ತಂಪು ಗವಿ. ತಿನ್ನಲು ಗೆದ್ದಲು, ಇರುವೆ, ಜೇನು, ಸೀತಾಫಲ, ಬಾರೆ, ಕವಳೆ. ನಮ್ಮ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರೋದಿಲ್ಲ. ಉದ್ದನೆಯ ಉಗುರಿನಿಂದ ಹುತ್ತ ಬಗೆದು, ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರಿಕೊಳ್ಳುತ್ತೆ. ತಿಂದ ಹಣ್ಣಿನ ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ದಾಟಿಸೋದೂ ಅದೇ. ಇದನ್ನೆಲ್ಲ ಹಿಂದಿನ ರಾತ್ರಿ ಮೊಬೈಲಲ್ಲಿ ಓದಿಕೊಂಡು, ಕೋಟೆ ಮೇಲೆ ನಿಂತು, ಹುಟ್ಟಿದಾಗಿಂದ ಗೊತ್ತಿದ್ದವನ ಹಾಗೆ ಭಾಷಣ ಬಿಟ್ಟೆ.

ಐದು ಗಂಟೆ ಹೊತ್ತಿಗೆ ಡಾಂಬರು ರಸ್ತೆಯಿಂದ ಹೊಲಗಳ ನಡುವಿನ ಬಂಡಿದಾರಿಗೆ ಇಳಿದೆವು. ಒಂದು ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಬೋರ್ಡು ಇತ್ತು. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗೋದು ಅಪರಾಧ ಅಂತ ನಮಗೂ ಗೊತ್ತು. ಓದಿದವರು ನೋಡಿ, ಬೋರ್ಡಿನ ಈಚೆಗೇ ಬೈಕು ನಿಲ್ಲಿಸಿದೆವು.

ಅರ್ಧ ಗಂಟೆ ಕಾದೆವು. ಕೌಜುಗ ಕೂಗಿತು. ಒಂದು ನವಿಲು ಬಂಡೆಯಿಂದ ಬಂಡೆಗೆ ಹಾರಿತು. ಕರಡಿ ಇಲ್ಲ. ಮೈಸೂರಿನವನು ಫೋನು ಹಿಡಿದು ಹಿಡಿದು ಕೈ ನೋಯಿಸಿಕೊಂಡ. "ಎಲ್ಲಪ್ಪಾ ನಿನ್ನ ಕರಡಿ? ರಜೆ ಹಾಕಿ ಊರಿಗೆ ಹೋಗಿದೆಯಾ?" ಅಂದ. ಪುತ್ತೂರಿನವನು ಕಿಸಕ್ಕನೆ ನಕ್ಕ.

ಇಲ್ಲಿ ಒಂದು ವಿಷಯವನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಮುಂದಿನ ಐಡಿಯಾ ಅವರಿಬ್ಬರದ್ದಲ್ಲ, ನನ್ನದು. "ಗವಿಯೊಳಗೆ ಮಲಗಿರುತ್ತೆ. ಒಂದ್ಸಲ ರೈಸ್ ಮಾಡಿದರೆ ಎದ್ದು ಬರಬಹುದು, ಕ್ಯಾಮೆರಾ ರೆಡಿ ಇಟ್ಕೋ" ಅಂತ ಹೇಳಿ, ಬುಲೆಟ್ಟನ್ನು ಬಂಡೆಗಳ ಕಡೆ ತಿರುಗಿಸಿ, ಆಕ್ಸಿಲರೇಟರ್ ತಿರುಚಿದೆ. ಒಂದು ಸಲ, ಎರಡು ಸಲ, ಮೂರು ಸಲ. ಆ ಕಲ್ಲುಗುಡ್ಡ ಸದ್ದನ್ನು ನುಂಗಲಿಲ್ಲ, ದುಪ್ಪಟ್ಟು ಮಾಡಿ ವಾಪಸ್ ಎಸೆಯಿತು. ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ನಾವು ಮೂವರೂ ಬೋರ್ಡು ದಾಟಿರಲಿಲ್ಲ. ನಮ್ಮ ಸದ್ದು ದಾಟಿತ್ತು.

ಕರಡಿ ಕಾಣಲಿಲ್ಲ. ಆದರೆ ಗುಡ್ಡದ ಪಕ್ಕದ ತಿರುವಿನಾಚೆಯಿಂದ ಹೆಂಗಸರ ಕೂಗು ಕೇಳಿತು. ಮೊದಲು ಒಬ್ಬರದ್ದು, ಆಮೇಲೆ ನಾಲ್ಕೈದು ಜನರದ್ದು, ಜೊತೆಗೆ ತಟ್ಟೆ ಬಡಿದ ಸದ್ದು.

ನಾವು ಓಡಿಹೋದಾಗ ಶೇಂಗಾ ಹೊಲದ ಬದುವಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಕರಡಿಯೊಂದು ಗುಡ್ಡದಿಂದ ಇಳಿದು, ಹೊಲಕ್ಕೆ ಅಡ್ಡಲಾಗಿ ಓಡಿ, ಆಚೆಯ ಮೆಕ್ಕೆಜೋಳದೊಳಗೆ ನುಗ್ಗಿತ್ತಂತೆ. ಯಾರಿಗೂ ಏನೂ ಆಗಿರಲಿಲ್ಲ. ಬದುವಿನ ಬೇವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗೆ ಒಂದು ಕೂಸು ಮಲಗಿತ್ತು. ಕರಡಿ ಓಡಿದ ದಾರಿಗೂ ಆ ಮರಕ್ಕೂ ನಮ್ಮ ಆಫೀಸಿನ ಕ್ಯಾಂಟೀನಿನಷ್ಟು ಅಂತರವೂ ಇರಲಿಲ್ಲ. ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ನಡುಗುತ್ತಿದ್ದಳು. ಕೂಸು ಮಾತ್ರ ನಿದ್ದೆಗೆಟ್ಟ ಸಿಟ್ಟಿಗೆ ಅಳುತ್ತಿತ್ತು.

ಆ ಕರಡಿ ನನ್ನ ಸದ್ದಿಗೇ ಎದ್ದಿತೋ, ಸಂಜೆಯಾಯಿತೆಂದು ತಾನಾಗೇ ಇಳಿದಿತ್ತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಇವತ್ತಿಗೂ ಚುಚ್ಚುತ್ತೆ.

ಅಲ್ಲಿದ್ದ ಒಬ್ಬ ಅಜ್ಜ ನಮ್ಮ ಹೆಲ್ಮೆಟ್ಟು, ಜಾಕೆಟ್ಟು ನೋಡಿದ. ಅವನ ಎಡಗಣ್ಣಿನ ಕೆಳಗಿಂದ ದವಡೆಯವರೆಗೆ ಹಳೇ ಗಾಯದ ಗುರುತು ಇತ್ತು.

"ಆ ಗಾಡಿ ಸದ್ದು ನಿಮ್ದೇನಾ? ಯಾವೂರೋ ತಮ್ಮಾ?"

"ಕೊಟ್ಟೂರು, ಅಜ್ಜ."

"ಕೊಟ್ಟೂರಾ!" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಗಳೂರಾರು ಅನ್ಕಂಡಿದ್ದೆ" ಅಂದ.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಪ್ಪಾಯಿತು ಅಂದೆ. ಅವನು ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬದುವಿನ ಮೇಲೆ ಕೂತು, ನಮಗೂ ಕೂಡಲು ಹೇಳಿದ. ಪುತ್ತೂರಿನವನು ಮೆಲ್ಲಗೆ ಗಾಯದ ಬಗ್ಗೆ ಕೇಳಿದ. ಎಂಟು ವರ್ಷದ ಹಿಂದೆ, ನಸುಕಿನಲ್ಲಿ ಹೊಲಕ್ಕೆ ಬರುವಾಗ, ಬಾರೆ ಗಿಡದ ತಿರುವಿನಲ್ಲಿ ಎದುರಾಬದುರಾ ಆಯಿತಂತೆ. "ಅದೇನು ಬೇಕಂತ ಬರಂಗಿಲ್ಲ ತಮ್ಮಾ. ಅದಕ್ಕೂ ಅಂಜಿಕೆ, ನನಗೂ ಅಂಜಿಕೆ. ಇಬ್ಬರ ಅಂಜಿಕೆ ಒಂದೇ ಕಡೆ ಸೇರಿಬಿಡ್ತು, ಅಷ್ಟೇ."

ಆಮೇಲೆ ತಿಳಿದವರೂ ಅದನ್ನೇ ಹೇಳಿದರು. ಕರಡಿಯ ಮೂಗು ಬಲು ಚುರುಕು, ಕಣ್ಣು, ಕಿವಿ ಅಷ್ಟಿಲ್ಲ. ಮನುಷ್ಯ ತೀರಾ ಹತ್ತಿರ ಬರೋ ತನಕ ಅದಕ್ಕೆ ಗೊತ್ತಾಗದೇ ಇರಬಹುದು. ಗೊತ್ತಾದಾಗ ಗಾಬರಿ. ಗಾಬರಿಗೆ ಅದು ಹಾಯೋದು ಹೆಚ್ಚಾಗಿ ಮುಖ, ತಲೆಗೆ.

ಮೈಸೂರಿನವನು, "ಮತ್ತೆ ನೀವು ಹೆಂಗೆ ಓಡಾಡ್ತೀರಿ ಅಜ್ಜ?" ಅಂದ.

"ನಾವೂ ಸದ್ದು ಮಾಡ್ತೀವಪ್ಪಾ. ಕತ್ತಲಾಗ ಬರುವಾಗ ಕೆಮ್ಕಂತಾ, ಮಾತಾಡ್ಕಂತಾ, ಕೋಲು ಕುಟ್ಕಂತಾ ಬರ್ತೀವಿ. ನಾನು ಬರ್ತಿದೀನಿ, ನೀನು ಅತ್ಲಾಗ ಸರ್ಕಾ ಅಂತ ಅದಕ್ಕೆ ಹೇಳೋ ಸದ್ದು ಅದು. ನಿಮ್ದು ಮಲಗಿದ್ದನ್ನ ಎಬ್ಬಿಸೋ ಸದ್ದು."

ಹೊರಡುವಾಗ ಆ ತಾಯಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಅಜ್ಜ ಮಾತ್ರ ಟವೆಲ್ಲಿನ ಗಂಟು ಬಿಚ್ಚಿ ನಾಲ್ಕು ಸೀತಾಫಲ ಕೊಟ್ಟ. "ಅದು ತಿಂದು ಬಿಟ್ಟಿದ್ದು" ಅಂತ ನಕ್ಕ. ಆ ನಗುವಿಗೆ ಗಾಯದ ಗುರುತು ಸ್ವಲ್ಪ ಎಳೆದುಕೊಂಡಿತು.

ಬೈಕುಗಳ ಹತ್ತಿರ ಬಂದಾಗ ಯಾರೂ ಯಾರಿಗೂ ಹೇಳಲಿಲ್ಲ. ಮೂವರೂ ಕೀಲಿ ಹಾಕದೆ ಡಾಂಬರು ರಸ್ತೆಯವರೆಗೆ ಗಾಡಿ ತಳ್ಳಿದೆವು. ಬಂಡಿದಾರಿಯ ಮರಳಲ್ಲಿ ಬುಲೆಟ್ ತಳ್ಳಿದವರಿಗೆ ಗೊತ್ತು ಅದರ ತೂಕ. ಆವತ್ತು ಅದು ಇನ್ನೂ ಹೆಚ್ಚಿತ್ತು.

ಮಾರನೇ ದಿನ ಹೊಸಪೇಟೆ, ಕಮಲಾಪುರದ ಮೇಲೆ ದರೋಜಿಗೆ ಹೋದೆವು. ಅದೂ ಕರಡಿಧಾಮವೇ, 1994ರಷ್ಟು ಹಳೆಯದು, 82.72 ಚದರ ಕಿಲೋಮೀಟರ್. ಅಲ್ಲಿ ವೀಕ್ಷಣಾ ಗೋಪುರ ಇದೆ. ಮಧ್ಯಾಹ್ನ ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರ್ತಾರೆ. ಜನ ಗೋಪುರದಲ್ಲಿ ಸದ್ದಿಲ್ಲದೆ ಕೂತು ಕಾಯ್ತಾರೆ. ನಾನು ಬುಲೆಟ್ಟನ್ನು ಕಮಲಾಪುರದಲ್ಲೇ ಬಿಟ್ಟು ಪುತ್ತೂರಿನವನ ಹಿಂದೆ ಕೂತು ಹೋದೆ.

ನಾಲ್ಕೂಮುಕ್ಕಾಲಿಗೆ ಎದುರಿನ ಬಂಡೆಯ ನೆರಳೊಂದು ಅಲುಗಾಡಿತು. ನೆರಳಲ್ಲ, ಕರಡಿ. ಕೆದರಿದ ಕಪ್ಪು ಕೂದಲು, ಎದೆ ಮೇಲೆ ಬಿಳಿ ಗೆರೆ. ಬೆನ್ನ ಮೇಲೆ ಎರಡು ಮರಿ, ಕೂದಲು ಬಿಗಿಯಾಗಿ ಹಿಡಿದುಕೊಂಡು ಸವಾರಿ ಹೊರಟಿದ್ದವು. ಕರಡಿಗಳ ಪೈಕಿ ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗೋದು ಇದೊಂದೇ ಜಾತಿ ಅಂತ ಓದಿದ್ದೆ. ನೋಡೋದು ಬೇರೆ. ತಾಯಿ ಬಂಡೆ ನೆಕ್ಕುತ್ತಾ ನಿಂತಿತು. ಒಂದು ಮರಿ ಜಾರಿ ಬಿದ್ದು ಮತ್ತೆ ಹತ್ತಿತು.

ಪುತ್ತೂರಿನವನು ಕಿವಿಯಲ್ಲಿ, "ಮಾತು ಉಳಿಸಿಕೊಂಡೆ ಮಾರಾಯ" ಅಂದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೆನ್ನ ಮೇಲಿನ ಆ ಮರಿಗಳನ್ನು ನೋಡುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಬೇವಿನ ಮರದ ಜೋಲಿ. ಗುಡೇಕೋಟೆಯ ಆ ಕರಡಿಯ ಬೆನ್ನ ಮೇಲೂ ಮರಿ ಇದ್ದಿದ್ದರೆ? ಆಗ ಅದು ಆ ಹೊಲ ದಾಟಿ ಸುಮ್ಮನೆ ಓಡಿಹೋಗುತ್ತಿತ್ತಾ?

ಬೆಂಗಳೂರಿಗೆ ಬಂದ ವಾರದಲ್ಲೇ ಗ್ಯಾರೇಜಿಗೆ ಹೋಗಿ ಕಂಪನಿಯ ಹಳೇ ಸೈಲೆನ್ಸರನ್ನೇ ಹಾಕಿಸಿದೆ. ಮೆಕ್ಯಾನಿಕ್, "ಯಾಕ್ ಸಾರ್, ಪೊಲೀಸ್ ಹಿಡಿದ್ರಾ?" ಅಂದ. ಹೌದು ಅಂದೆ. ಅಜ್ಜನ ಕಥೆ ಹೇಳುವಷ್ಟು ಹೊತ್ತು ಅವನಿಗಿರಲಿಲ್ಲ.

ನೀವೂ ಹೋಗಿ. ನಮ್ಮ ಕಡೆ ಬರೀ ಬಿಸಿಲಲ್ಲ. ಕರಡಿ ನೋಡಲೇಬೇಕೆಂದರೆ ದರೋಜಿಯ ಗೋಪುರದಲ್ಲಿ ಕೂತು ನೋಡಿ. ಗುಡೇಕೋಟೆಗೆ ಕೋಟೆ ನೋಡಲು ಹೋಗಿ, ಬಂಡೆ ನೋಡಲು ಹೋಗಿ, ಹೊತ್ತು ಮುಳುಗುವ ಮುಂಚೆ ಗುಡ್ಡದ ದಾರಿ ಬಿಟ್ಟು ಡಾಂಬರಿಗೆ ಬನ್ನಿ. ಆ ಹೊತ್ತು ಕರಡಿಯದು, ಹೊಲದಿಂದ ಮನೆಗೆ ಹೊರಟವರದು. ಅವರಿಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬದುಕೋದನ್ನು ಕಲಿತಿದ್ದಾರೆ. ನಡುವೆ ನಮ್ಮಂಥವರು ಹೋಗಬಾರದು.

ಗುಡ್ಡದ ಬುಡದಲ್ಲಿ ಮೈಸೂರಿನವನು ತೆಗೆದ ವಿಡಿಯೊ ಇನ್ನೂ ಅವನ ಫೋನಲ್ಲಿದೆ. ಎಲ್ಲೂ ಹಾಕಲಿಲ್ಲ, ಅಳಿಸಲೂ ಇಲ್ಲ. ಅದರಲ್ಲಿ ಕರಡಿ ಇಲ್ಲ. ಬಂಡೆ ಇದೆ, ನನ್ನ ಬುಲೆಟ್ಟಿನ ಸದ್ದಿದೆ, ನಮ್ಮ ಮೂವರ ನಗು ಇದೆ. ಕೊನೆಯ ಎರಡು ಸೆಕೆಂಡಿನಲ್ಲಿ, ಫೋನ್ ಕೆಳಗಿಳಿಯುವ ಹೊತ್ತಿಗೆ, ದೂರದಲ್ಲಿ ಒಬ್ಬ ಹೆಂಗಸು ಕೂಗಿದ್ದು ಕೇಳುತ್ತೆ.